ಪಡಸಾಲೆಯ ಮಾತು: ಕರಿಕನ್ನಡಕದ ರಾಜಕೀಯ

ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಜಗಳಕ್ಕೆ ಕಾರಣವಾಗುವ ವಿಷಯಗಳು ಎರಡೇ ಎಂದು ಇಷ್ಟು ವರ್ಷ ನಾನು ತಿಳಿದಿದ್ದೆ. ರಾಜ್ಯೋತ್ಸವದ ಊಟಕ್ಕೆ ಹೋಳಿಗೆ ಮಾಡಿಸುವುದೋ ಶಾವಿಗೆ ಪಾಯಸ ಮಾಡಿಸುವುದೋ ಎಂಬುದೊಂದು. ನಾಟಕದ ತಾಲೀಮಿನ ದಿನಗಳಲ್ಲಿ ಸಭಾಗೃಹದ ಬೀಗದ ಕೈ ಯಾರ ಬಳಿ ಇರತಕ್ಕದ್ದು ಎಂಬುದಿನ್ನೊಂದು. ಈಚೆಗೆ ಇವಕ್ಕೆ ಮೂರನೆಯದೊಂದು ಸೇರಿಕೊಂಡಿತು. ಅದು 1988ರಲ್ಲಿ ಅಮೇರಿಕದಲ್ಲಿ ತಯಾರಾದ, ನಮ್ಮ ಸದಸ್ಯರಲ್ಲಿ ಮುಕ್ಕಾಲು ಪಾಲು ಜನ ಹೆಸರನ್ನೇ ಕೇಳಿರದ ಒಂದು ಚಲಚ್ಚಿತ್ರ.

ಸಂಗತಿ ಇಷ್ಟು. ತಿಂಗಳ ಎರಡನೆಯ ಭಾನುವಾರ ಸಂಜೆ ಯುವಕ ವಿಭಾಗದವರು ಸಭಾಗೃಹದಲ್ಲಿ ಒಂದು ಚಿತ್ರ ತೋರಿಸುತ್ತಾರೆ. ಮುಗಿದ ಮೇಲೆ ಚಹ ಕುಡಿದು ಅರ್ಧ ಗಂಟೆ ಅದರ ಬಗ್ಗೆ ಮಾತಾಡುತ್ತಾರೆ. ಈ ಬಾರಿ ಚಿತ್ರವನ್ನು ಆರಿಸಿದವಳು ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿರುವ ನಮ್ಮ ಹುಡುಗಿಯೊಬ್ಬಳು. ಚಿತ್ರದ ಹೆಸರು ‘ದೇ ಲಿವ್’, ಅಂದರೆ ‘ಅವರು ಬದುಕಿದ್ದಾರೆ’. ಪಟ್ಟಿಯಲ್ಲಿ ಈ ಹೆಸರನ್ನು ಕಂಡೊಡನೆ ನಮ್ಮ ಖಜಾಂಚಿಗಳು ಮೊಬೈಲು ತೆಗೆದು ಏನನ್ನೋ ಓದಿಕೊಂಡರು. ಅವರು ಧಾರವಾಡದ ಕಡೆಯವರು, ಮಾತು ನೇರ.

“ಇದು ರಾಜಕೀಯ ಪಿಚ್ಚರ್ ಐತ್ರಿ. ಸಂಘದ ನಿಯಮಾವಳಿ ತಗದ ನೋಡ್ರಿ. ರಾಜಕೀಯ ಪ್ರಚಾರಕ್ಕ ಸಭಾಗೃಹ ಕೊಡಬಾರದು ಅಂತ ಬರದೈತಿ.”

ಉಡುಪಿಯ ಕಡೆಯವರಾದ ಉಪಾಧ್ಯಕ್ಷರಿಗೆ ನಗು ಬಂತು. “ಎಂಥ ರಾಜಕೀಯ ಮಾರಾಯ್ರೇ? ಕುಸ್ತಿಯವನೊಬ್ಬ ಬಂದು ಗುದ್ದಾಡುವ ಸಿನಿಮಾ ಅದು. ನನ್ನ ಮಗ ನೋಡಿದ್ದಾನೆ. ದೆವ್ವದ ಮುಖದವರು ಉಂಟು, ಬಂದೂಕು ಉಂಟು, ಮುಗಿಯಿತು.”

ಒಂದೇ ಚಿತ್ರ ಒಬ್ಬರಿಗೆ ಪ್ರಚಾರ, ಇನ್ನೊಬ್ಬರಿಗೆ ಬರಿಯ ಗುದ್ದಾಟ. ಹುಡುಗಿ ಮಾತ್ರ ಏನೂ ಆಡದೆ ಕುಳಿತಿದ್ದಳು; ಮುಖ ಕೆಂಪಾಗಿತ್ತು. ಇನ್ನು ಹತ್ತು ನಿಮಿಷ ಹೀಗೇ ನಡೆದರೆ ಅವಳು ಮುಂದಿನ ತಿಂಗಳಿನಿಂದ ಸಂಘಕ್ಕೆ ಬರುವುದಿಲ್ಲ ಎಂದು ನನಗನಿಸಿತು. ಅಧ್ಯಕ್ಷರಿಗೂ ಅನಿಸಿರಬೇಕು. “ಪಡಸಾಲೆ ಬರೆಯುವವರು ಚಿತ್ರವನ್ನು ನೋಡಿ ವರದಿ ಕೊಡಲಿ” ಎಂದು ನನ್ನ ತಲೆಗೆ ಕಟ್ಟಿ ಸಭೆಯನ್ನು ಮುಗಿಸಿದರು. ಬಿಡುವಾಗಿರುವ ಮುದುಕನಿಗೆ ಇಂಥ ಕೆಲಸಗಳು ತಾವಾಗಿ ಹುಡುಕಿಕೊಂಡು ಬರುತ್ತವೆ.

ಶನಿವಾರ ರಾತ್ರಿ ಹುಡುಗಿ ಮನೆಗೆ ಬಂದು ಚಿತ್ರವನ್ನು ನಮ್ಮ ಟೀವಿಗೆ ಜೋಡಿಸಿಕೊಟ್ಟಳು. ನೋಡಲು ಕುಳಿತವರು ನಾನು, ನನ್ನಾಕೆ, ಅವಳು ಮತ್ತು ನನ್ನ ಹತ್ತೊಂಬತ್ತು ವರ್ಷದ ಮೊಮ್ಮಗ.

ಚಿತ್ರದ ನಿರ್ದೇಶಕ ಜಾನ್ ಕಾರ್ಪೆಂಟರ್. ಇದಕ್ಕೆ ಆದ ವೆಚ್ಚ ಸುಮಾರು 30 ಲಕ್ಷ ಡಾಲರು. ನಮಗೆ ಅದು ದೊಡ್ಡ ಮೊತ್ತವಾಗಿ ಕಂಡರೂ ಹಾಲಿವುಡ್ಡಿನ ಲೆಕ್ಕದಲ್ಲಿ ಚಿಲ್ಲರೆ ಕಾಸು. ಅದೇ ವರ್ಷ ತೆರೆಕಂಡ ‘ರ‍್ಯಾಂಬೋ 3’ಕ್ಕೆ ಸುಮಾರು 6 ಕೋಟಿ ಡಾಲರು ಸುರಿದಿದ್ದರು. ಕತೆಯ ಮೂಲ ರೇ ನೆಲ್ಸನ್ ಎಂಬಾತ 1963ರಲ್ಲಿ ಒಂದು ಮಾಸಪತ್ರಿಕೆಗೆ ಬರೆದ ಸಣ್ಣ ಕತೆ. ಚಿತ್ರಕಥೆಯನ್ನು ಕಾರ್ಪೆಂಟರನೇ ಬರೆದು ಬೇರೊಂದು ಹೆಸರು ಹಾಕಿಕೊಂಡಿದ್ದಾನೆ. ನಾಯಕನ ಪಾತ್ರಕ್ಕೆ ದೊಡ್ಡ ನಟರ ಬದಲು ರಾಡಿ ಪೈಪರ್ ಎಂಬ ಕೆನಡಾದ ಕುಸ್ತಿಪಟು. ಉಪಾಧ್ಯಕ್ಷರ ಮಾತು ಅಷ್ಟರಮಟ್ಟಿಗೆ ಸರಿ.

ಕತೆ ಹೀಗಿದೆ. ಡೆನ್ವರಿನಲ್ಲಿ ಹತ್ತು ವರ್ಷ ದುಡಿದು ಕೆಲಸ ಕಳೆದುಕೊಂಡ ಕೂಲಿಯೊಬ್ಬ ಬೆನ್ನಿಗೆ ಗಂಟು ಕಟ್ಟಿಕೊಂಡು, ರೈಲು ಹಳಿ ದಾಟಿ, ಲಾಸ್ ಏಂಜಲೀಸ್ ನಗರಕ್ಕೆ ನಡೆದು ಬರುತ್ತಾನೆ. ಉದ್ಯೋಗ ವಿನಿಮಯ ಕಛೇರಿಯಲ್ಲಿ ಕೆಲಸವಿಲ್ಲವೆನ್ನುತ್ತಾರೆ. ಹೇಗೋ ಒಂದು ಕಟ್ಟಡದ ಕೆಲಸ ಸಿಗುತ್ತದೆ. ಅಲ್ಲಿ ಫ್ರಾಂಕ್ ಎಂಬ ಕರಿಯ ಕಾರ್ಮಿಕ ಜೊತೆಯಾಗಿ, ಮಲಗಲು ಒಂದು ಗುಡಿಸಲ ಬೀಡಿಗೆ ಕರೆದೊಯ್ಯುತ್ತಾನೆ. ಫ್ರಾಂಕನ ಹೆಂಡತಿ, ಎರಡು ಮಕ್ಕಳು ದೂರದ ಡೆಟ್ರಾಯಿಟಿನಲ್ಲಿ; ತಿಂಗಳುಗಳಿಂದ ಅವರ ಮುಖ ಕಂಡಿಲ್ಲ. ಉಕ್ಕಿನ ಕಾರಖಾನೆಗಳು ಕಷ್ಟದಲ್ಲಿದ್ದಾಗ ಕಾರ್ಮಿಕರು ಬಿಟ್ಟುಕೊಟ್ಟದ್ದೇನು, ಬದಲಿಗೆ ಪಡೆದದ್ದೇನು ಎಂದು ಅವನು ಕಹಿಯಾಗಿ ಹೇಳುತ್ತಾನೆ. ನಮ್ಮ ನಾಯಕನಿಗೆ ಅದು ರುಚಿಸುವುದಿಲ್ಲ. ನಿಯತ್ತಾಗಿ ದುಡಿದರೆ ಒಂದು ದಿನ ಅವಕಾಶ ಬಂದೇ ಬರುತ್ತದೆ, ತನಗೆ ದೇಶದ ಮೇಲೆ ನಂಬಿಕೆಯಿದೆ ಎನ್ನುತ್ತಾನೆ.

ಇಲ್ಲಿಗೆ ಬಂದಾಗ ನನ್ನಾಕೆ ಹೆಣಿಗೆಯನ್ನು ಕೆಳಗಿಟ್ಟು, “ಇದು ನಮ್ಮ ಚಾಳಿನ ಕತಿ ಅಲ್ಲೇನ್ರೀ?” ಎಂದಳು. ಅದೂ ಸರಿಯೇ. 1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ನಮ್ಮ ಪಕ್ಕದ ಖೋಲಿಯವರು ಅವರಲ್ಲೊಬ್ಬರು. ಅವರ ಪಾಲಿಗೆ ಆ ಮುಷ್ಕರ ಮುಗಿಯಲೇ ಇಲ್ಲ. ಬೀಡಿ ಸೇದುತ್ತ, “ನಾಳೆ ಗಿರಣಿ ತೆಗೀತಾರೆ” ಎಂದು ಅವರು ವರ್ಷಗಟ್ಟಲೆ ಹೇಳಿದ್ದನ್ನು ನಾವಿಬ್ಬರೂ ಕೇಳಿದ್ದೇವೆ.

ಮುಂದೆ ಒಂದು ರಾತ್ರಿ ಪೋಲೀಸರು ಬುಲ್‌ಡೋಜರು ತಂದು ಆ ಬೀಡನ್ನು ನೆಲಸಮ ಮಾಡುತ್ತಾರೆ. ಬೀಡಿಗೆ ಚಿತ್ರದಲ್ಲಿ ‘ಜಸ್ಟಿಸ್‌ವಿಲ್’ ಎಂದು ಹೆಸರು, ನ್ಯಾಯಪುರ ಎನ್ನೋಣ. ಅದೇ ಹೆಸರಿನ ನಿರ್ಗತಿಕರ ಬೀಡೊಂದು 1985ರಲ್ಲಿ ಲಾಸ್ ಏಂಜಲೀಸಿನಲ್ಲಿ ನಿಜವಾಗಿಯೇ ಇತ್ತು, ಅದನ್ನೂ ಎಬ್ಬಿಸಿದರು ಎಂಬುದು ಗಮನಿಸತಕ್ಕ ಮಾತು. ಅದೇ 1985ರ ಜುಲೈಯಲ್ಲಿ, ನಮ್ಮ ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ವಾಸಿಸುವವರ ಮೊಕದ್ದಮೆಯಲ್ಲಿ, ಜೀವಿಸುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆಯೆಂದು ಸುಪ್ರೀಂ ಕೋರ್ಟು ಹೇಳಿತು; ಸೂಚನೆ ಕೊಟ್ಟು ಎಬ್ಬಿಸಬಹುದೆಂದೂ ಹೇಳಿತು.

ಬೀಡಿನ ಎದುರಿಗೆ ಒಂದು ಇಗರ್ಜಿ. ಅಲ್ಲಿ ಸರಕಾರದ ಕಣ್ಣು ತಪ್ಪಿಸಿ ಕೆಲಸಮಾಡುವ ಗುಂಪೊಂದು ಅಡಗಿಸಿಟ್ಟಿದ್ದ ರಟ್ಟಿನ ಪೆಟ್ಟಿಗೆ ನಾಯಕನ ಕೈಗೆ ಸಿಗುತ್ತದೆ. ಒಳಗೆ ಚಿನ್ನವೂ ಇಲ್ಲ, ಮದ್ದುಗುಂಡೂ ಇಲ್ಲ. ಬಿಸಿಲಿಗೆ ಹಾಕುವ ಕರಿಕನ್ನಡಕಗಳು. ಬೇಸರಪಟ್ಟು ಒಂದನ್ನು ಮೂಗಿಗೇರಿಸಿಕೊಂಡು ಬೀದಿಗೆ ಬರುತ್ತಾನೆ.

ಬಣ್ಣದ ಲೋಕ ಆ ಕ್ಷಣದಲ್ಲೇ ಕಪ್ಪುಬಿಳುಪಾಗುತ್ತದೆ. ಎದುರಿನ ಜಾಹೀರಾತು ಫಲಕದಲ್ಲಿ ಚಿತ್ರವಿಲ್ಲ, ಬಿಳಿ ಹಲಗೆಯ ಮೇಲೆ ಕರಿ ಅಕ್ಷರದಲ್ಲಿ ‘ವಿಧೇಯನಾಗಿರು’ ಎಂಬ ಒಂದೇ ಅಪ್ಪಣೆ. ಸಮುದ್ರತೀರದ ವಿಹಾರಕ್ಕೆ ಕರೆಯುವ ಸುಂದರಿಯ ಚಿತ್ರದ ಜಾಗದಲ್ಲಿ ‘ಮದುವೆಯಾಗು, ಮಕ್ಕಳನ್ನು ಹೆರು’. ಅಂಗಡಿಯ ಮೇಲೆ ‘ಕೊಳ್ಳು’. ನೋಟಿನ ಮೇಲೆ ‘ಇದೇ ನಿನ್ನ ದೇವರು’. ಬೀದಿಯಲ್ಲಿ ಹೋಗುವ ಜನರಲ್ಲಿ ಕೆಲವರು ನಮ್ಮಂಥ ಮನುಷ್ಯರೇ. ಒಳ್ಳೆಯ ಉಡುಪು ತೊಟ್ಟ ಇನ್ನು ಕೆಲವರದು ಚರ್ಮ ಸುಲಿದ ತಲೆಬುರುಡೆಯ ಮುಖ. ಅವರು ಬೇರೊಂದು ಗ್ರಹದಿಂದ ಬಂದ ವ್ಯಾಪಾರಿಗಳು. ನಮ್ಮ ಭೂಮಿ ಅವರಿಗೊಂದು ಹಿಂದುಳಿದ ಗ್ರಹ, ಅವರ ‘ಮೂರನೆಯ ಜಗತ್ತು’. ಇಲ್ಲಿಂದ ಹೀರುವಷ್ಟು ಹೀರಿ ಮುಂದಕ್ಕೆ ಹೋಗುವುದು ಅವರ ಕಸುಬು. ಟೀವಿಯ ಅಲೆಗಳೊಡನೆ ಅವರು ಕಳಿಸುವ ಇನ್ನೊಂದು ಅಲೆ ನಮ್ಮನ್ನು ನಿದ್ದೆಯಲ್ಲಿಟ್ಟಿದೆ.

ಹಣವಿಲ್ಲದಿರುವುದೇ ಇಲ್ಲಿ ಚಿತ್ರಕ್ಕೆ ಉಪಕಾರ ಮಾಡಿದೆ ಎಂದು ನನ್ನ ಮತ. 6 ಕೋಟಿ ಡಾಲರು ಕೈಯಲ್ಲಿದ್ದಿದ್ದರೆ ಆಕಾಶದ ತುಂಬ ನೌಕೆಗಳು ಹಾರುತ್ತಿದ್ದವು, ನಗರಗಳು ಉರಿಯುತ್ತಿದ್ದವು. ನಾವು ಬಾಯಿ ಬಿಟ್ಟುಕೊಂಡು ನೋಡಿ, ಬೆಂಕಿ ಚೆನ್ನಾಗಿತ್ತು ಎಂದು ಮನೆಗೆ ಹೋಗುತ್ತಿದ್ದೆವು. ಕಾಸಿಲ್ಲದ್ದರಿಂದ ಈ ಅನ್ಯಗ್ರಹದವರು ಬ್ಯಾಂಕಿಗೆ ಹೋಗುತ್ತಾರೆ, ಅಂಗಡಿಯಲ್ಲಿ ಸಾಮಾನು ಆರಿಸುತ್ತಾರೆ. ಒಂದು ರಬ್ಬರಿನ ಮುಖವಾಡ, ಒಂದು ಬಿಳಿ ಹಲಗೆ, ಒಂದು ಕನ್ನಡಕ, ಇಷ್ಟರಲ್ಲೇ ಮುಗಿದಿದೆ. ನಮ್ಮ ನಾಟಕ ವಿಭಾಗದವರು ಪರದೆಗೆ, ಬೆಳಕಿಗೆ ದುಡ್ಡು ಕೇಳುವಾಗ ಖಜಾಂಚಿಗಳು ಈ ಮಾತನ್ನು ನೆನೆಸಿಕೊಳ್ಳದಿರಲಿ!

ಇನ್ನು, ಚಿತ್ರದಲ್ಲಿ ರಾಜಕೀಯ ಇದೆಯೇ? ಇದೆ, ಧಾರಾಳವಾಗಿ ಇದೆ. ಅಮೇರಿಕದಲ್ಲಿ ಇದು ತೆರೆಕಂಡದ್ದು 1988ರ ನವೆಂಬರ್ 4ರಂದು, ಅಧ್ಯಕ್ಷರ ಚುನಾವಣೆಗೆ ನಾಲ್ಕು ದಿನ ಮೊದಲು. ಆ ವಾರ ಗಳಿಕೆಯಲ್ಲಿ ಮೊದಲ ಸ್ಥಾನವೂ ಇದಕ್ಕೇ ಸಿಕ್ಕಿತು. ಚಿತ್ರದೊಳಗೆ ಟೀವಿಯಲ್ಲಿ ಭಾಷಣ ಮಾಡುವ ತಲೆಬುರುಡೆಯ ಮುಖಂಡನ ಬಾಯಲ್ಲಿ ಅಮೇರಿಕದ ಹೊಸ ಬೆಳಗಿನ ಮಾತಿದೆ. ಅದು 1984ರಲ್ಲಿ ರೇಗನ್ ಅವರ ಚುನಾವಣಾ ಪ್ರಚಾರದಲ್ಲಿ ಬಳಸಿದ್ದ ಮಾತೇ. ಕನ್ನಡಕವಿಲ್ಲದೆಯೂ ಓದಬಹುದಾದ ರಾಜಕೀಯವಿದು. ಖಜಾಂಚಿಗಳ ಮಾತೂ ಇಷ್ಟರಮಟ್ಟಿಗೆ ಸರಿ.

ಆದರೆ ಅವರನ್ನು ನಾನೊಂದು ಮಾತು ಕೇಳಬೇಕಾಗಿದೆ. ‘ರ‍್ಯಾಂಬೋ 3’ ತೆರೆಕಂಡದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಒಬ್ಬನೇ ಅಮೇರಿಕನ್ ಸೈನಿಕ ಆಫ್ಘಾನಿಸ್ಥಾನಕ್ಕೆ ಹೋಗಿ ರಷ್ಯದ ಪಡೆಯನ್ನು ಪುಡಿಗುಟ್ಟುವ ಕತೆ. ಕೊನೆಯಲ್ಲಿ ಚಿತ್ರವನ್ನು ಆಫ್ಘಾನಿಸ್ಥಾನದ ಶೂರ ಜನತೆಗೆ ಅರ್ಪಿಸಿದ್ದಾರೆ. ಸೋವಿಯತ್ ಪಡೆಗಳು ಅಲ್ಲಿಂದ ಹಿಂದಕ್ಕೆ ಹೊರಡಲು ಆರಂಭಿಸಿದ್ದು ಮೇ 15ರಂದು, ಚಿತ್ರ ಬಂದದ್ದು ಮೇ 25ರಂದು. ಇದಕ್ಕಿಂತ ರಾಜಕೀಯ ಇನ್ನೇನು ಬೇಕು? ಆದರೂ ಅದರ ಕ್ಯಾಸೆಟ್ಟನ್ನು ನಮ್ಮ ಬಿಲ್ಡಿಂಗಿನ ಹುಡುಗರು ಬಾಡಿಗೆಗೆ ತಂದು ಊಟ ಬಿಟ್ಟು ನೋಡಿದಾಗ ‘ಇದು ರಾಜಕೀಯ’ ಎಂದು ಯಾವ ತಂದೆಯೂ ಟೀವಿ ಆರಿಸಲಿಲ್ಲ, ನಾನೂ ಆರಿಸಲಿಲ್ಲ. ಅದು ಹೊಡೆದಾಟದ ಚಿತ್ರವೆಂದೇ ನಮ್ಮ ಲೆಕ್ಕ. ಗೆಲ್ಲುವವರ ಪರವಾಗಿರುವ ರಾಜಕೀಯ ನಮಗೆ ಮನರಂಜನೆಯಾಗಿ ಕಾಣುತ್ತದೆ, ಬಡವನೊಬ್ಬ ತಲೆಯೆತ್ತಿ ಮಾತಾಡಿದರೆ ಮಾತ್ರ ಪ್ರಚಾರವೆಂಬ ಶಬ್ದ ನೆನಪಾಗುತ್ತದೆ.

ಸರಿ, ರಾಜಕೀಯವಿದೆ ಎಂದಾಯಿತು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯುವುದು ಹೇಗೆ? ಫಲಕದ ಮೇಲಿನ ಅಕ್ಷರಗಳನ್ನು ಓದಿ ಅಳೆಯಲು ಹೊರಟರೆ ಕೆಲಸ ಕೆಟ್ಟಿತು. ಆ ಅಕ್ಷರಗಳ ಗತಿ ಏನಾಯಿತೆಂಬುದಕ್ಕೆ ಸಾಕ್ಷಿ ಅಂದು ರಾತ್ರಿ ನನ್ನ ಪಕ್ಕದಲ್ಲೇ ಕುಳಿತಿತ್ತು. ಮೊಮ್ಮಗ ತೊಟ್ಟಿದ್ದ ಟೀಶರ್ಟಿನ ಎದೆಯ ಮೇಲೆ ಇಂಗ್ಲಿಷಿನಲ್ಲಿ ದಪ್ಪಕ್ಷರದ ‘ಒಬೇ’, ಅದೇ ‘ವಿಧೇಯನಾಗಿರು’. ಶೆಪರ್ಡ್ ಫೇರಿ ಎಂಬ ಕಲಾವಿದ ಈ ಚಿತ್ರದಿಂದ ಆ ಶಬ್ದವನ್ನೆತ್ತಿಕೊಂಡು ಮೊದಲು ಗೋಡೆಗಳಿಗೆ ಅಂಟಿಸಿದ. ಆಮೇಲೆ ಅದೊಂದು ಉಡುಪಿನ ವ್ಯಾಪಾರವಾಯಿತು. ಕೊಳ್ಳುವ ಚಪಲವನ್ನು ಹಂಗಿಸಿದ ಶಬ್ದ ಇಂದು ಬೆಲೆಯ ಚೀಟಿಯೊಡನೆ ಅಂಗಡಿಯಲ್ಲಿ ತೂಗುತ್ತಿದೆ. ಹುಡುಗಿ ತೋರಿಸಿದಾಗ ಮೊಮ್ಮಗ ತನ್ನ ಎದೆಯನ್ನು ತಾನೇ ಬಗ್ಗಿ ನೋಡಿಕೊಂಡ. “ಅಯ್ಯೋ ಅಜ್ಜ, ಇದು ಕಂಪನಿ ಹೆಸರು ಅಂದ್ಕೊಂಡಿದ್ದೆ!”

ಬೋರ್ಡು ಹಾಗಿರಲಿ. ಚಿತ್ರದ ರಾಜಕೀಯವನ್ನು ಅದರ ಘೋಷಣೆಗಳಲ್ಲಿ ಹುಡುಕುವುದಕ್ಕಿಂತ ಅದು ತನ್ನ ಸಮಯವನ್ನು ಯಾವುದಕ್ಕೆ ಖರ್ಚು ಮಾಡಿದೆ, ಯಾರನ್ನು ಯಾವ ಸಲೀಸಿನಿಂದ ಕೊಲ್ಲುತ್ತದೆ ಎಂದು ನೋಡುವುದು ಮೇಲು. ಈ ಅಳತೆಗೆ ಹಿಡಿದಾಗ ‘ದೇ ಲಿವ್’ನಲ್ಲಿ ನನಗೆ ಒಂದು ತುಂಬ ಒಳ್ಳೆಯದೂ ಒಂದು ತುಂಬ ಅಪಾಯದ್ದೂ ಕಂಡವು.

ಒಳ್ಳೆಯದೆಂದರೆ ಉಪಾಧ್ಯಕ್ಷರು ಹೇಳಿದ ಗುದ್ದಾಟವೇ! ನಾಯಕ ತನ್ನ ಗೆಳೆಯ ಫ್ರಾಂಕನಿಗೆ ಕನ್ನಡಕ ಹಾಕಿಕೊಂಡು ಒಮ್ಮೆ ನೋಡು ಎನ್ನುತ್ತಾನೆ. ಅವನು ಒಲ್ಲೆನೆನ್ನುತ್ತಾನೆ. ಅಷ್ಟಕ್ಕೇ ಇಬ್ಬರೂ ಓಣಿಯಲ್ಲಿ ಐದು ನಿಮಿಷಕ್ಕೂ ಮೇಲೆ ಹೊಡೆದಾಡುತ್ತಾರೆ. ಮುಗಿಯಿತೆನ್ನುವಾಗ ಮತ್ತೆ ಏಳುತ್ತಾರೆ, ಮತ್ತೆ ಬೀಳುತ್ತಾರೆ. ನನ್ನಾಕೆ ಎದ್ದು ಹೋಗಿ ಹಾಲು ಕಾಯಿಸಿ ಬಂದರೂ ಹೊಡೆದಾಟ ನಡೆದೇ ಇತ್ತು. ಮೊಮ್ಮಗ ನಗುತ್ತಿದ್ದ. ನನಗೆ ನಗು ಬರಲಿಲ್ಲ. ಬ್ಯಾಂಕಿನಲ್ಲಿ ಒಂದು ಡಜನ್ ಶತ್ರುಗಳನ್ನು ಉರುಳಿಸಲು ಚಿತ್ರ ಒಂದು ನಿಮಿಷವನ್ನೂ ಕೊಡುವುದಿಲ್ಲ. ತನ್ನವನೊಬ್ಬನಿಗೆ ‘ನೋಡು’ ಎಂದು ಒಪ್ಪಿಸಲು ಐದು ನಿಮಿಷ ಬೇಕಾಯಿತು. ಆ ಹೊತ್ತಿನಲ್ಲಿ ತಲೆಬುರುಡೆಯವರು ಯಾರೂ ಅಲ್ಲಿಲ್ಲ. ಒಬ್ಬ ಬಿಳಿಯ, ಒಬ್ಬ ಕರಿಯ, ಇಬ್ಬರೂ ಕೂಲಿಗಳು, ಇಬ್ಬರೂ ಊರು ಬಿಟ್ಟವರು. ಒಬ್ಬರ ಮೂಳೆ ಒಬ್ಬರು ಮುರಿಯುತ್ತಿದ್ದಾರೆ. ಫ್ರಾಂಕನೇನು ಮೂರ್ಖನಲ್ಲ. ಕಂಡರೆ ಸುಮ್ಮನಿರಲಾಗದು, ಸುಮ್ಮನಿರದಿದ್ದರೆ ಹೆಂಡತಿ ಮಕ್ಕಳಿಗೆ ಹಣ ಹೋಗದು ಎಂದು ಅವನಿಗೆ ಗೊತ್ತಿದೆ. ಸಂಸಾರವಂದಿಗನ ಆ ಹೆದರಿಕೆಯನ್ನು ಇಷ್ಟು ಗೌರವದಿಂದ ತೋರಿಸಿದ ಹೊಡೆದಾಟವನ್ನು ನಾನು ಇನ್ನೊಂದು ಚಿತ್ರದಲ್ಲಿ ಕಂಡಿಲ್ಲ.

ಅಪಾಯದ್ದು ಕನ್ನಡಕದಲ್ಲೇ ಇದೆ.

ಕನ್ನಡಕ ಏನು ಹೇಳುತ್ತದೆ? ನಿನ್ನ ನಡುವೆ ಕೆಲವರು ನಿನ್ನಂತೆಯೇ ಉಟ್ಟು ಉಂಡು ಓಡಾಡುತ್ತಿದ್ದಾರೆ. ನಿಜದಲ್ಲಿ ಅವರು ಬೇರೆ ಜಾತಿಯ ಪ್ರಾಣಿಗಳು. ನಿನ್ನ ಕೆಲಸ, ನಿನ್ನ ಹಣ ಹೋಗಿರುವುದು ಅವರ ಬಾಯಿಗೆ. ಹಾಗಾದರೆ ಅವರನ್ನು ಕೊಂದರೆ ಕೊಲೆಯಲ್ಲ. ಕಾರ್ಪೆಂಟರ್ ಇದನ್ನು ಹಣವಂತರ ವಿಷಯದಲ್ಲಿ ಹೇಳಿದ. ಆದರೆ ಕನ್ನಡಕವನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದಲ್ಲ? ಹಾಗೆಯೇ ಆಯಿತು. ಜಗತ್ತನ್ನೆಲ್ಲ ಯಹೂದಿಗಳು ಗುಟ್ಟಾಗಿ ಆಳುತ್ತಿದ್ದಾರೆ ಎಂಬ ಹಳೆಯ ವಿಷವನ್ನು ಹರಡುವ ನವನಾಜಿಗಳು ಇದು ತಮ್ಮದೇ ಚಿತ್ರವೆಂದು ಹೇಳಿಕೊಳ್ಳತೊಡಗಿದರು. 2017ರ ಜನವರಿಯಲ್ಲಿ ಕಾರ್ಪೆಂಟರ್ ತಾನೇ ಬಹಿರಂಗವಾಗಿ ಉತ್ತರಿಸಬೇಕಾಯಿತು: ಚಿತ್ರ ಕಡಿವಾಣವಿಲ್ಲದ ಬಂಡವಾಳಶಾಹಿಯನ್ನು ಕುರಿತದ್ದು, ಯಹೂದಿಗಳ ಮಾತು ಶುದ್ಧ ಸುಳ್ಳು, ಅಪವಾದ ಎಂದ. ನಿರ್ದೇಶಕನ ಮೇಲಿನ ಕಳಂಕ ಅಲ್ಲಿಗೆ ಕಳೆಯಿತು. ಕನ್ನಡಕದ ಮೇಲಿನದು ಕಳೆಯಿತೆಂದು ಮಾತ್ರ ನನಗೆ ತೋರುವುದಿಲ್ಲ.

ಈ ತೊಡಕು ಹೊಸದೇನೂ ಅಲ್ಲ. 1956ರಲ್ಲಿ ಡಾನ್ ಸೀಗಲ್ ಎಂಬಾತ ಸುಮಾರು 4 ಲಕ್ಷ ಡಾಲರಿನಲ್ಲಿ ‘ಇನ್‌ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’ ಎಂಬ ಚಿತ್ರ ತೆಗೆದ. ಅದರಲ್ಲಿ ಅನ್ಯಲೋಕದ ದೊಡ್ಡ ಕಾಯಿಗಳೊಳಗಿನಿಂದ ಊರವರ ತದ್ರೂಪುಗಳು ಹುಟ್ಟಿ ಬರುತ್ತವೆ. ಮುಖ ಅದೇ, ಒಳಗೆ ಕರುಳಿಲ್ಲ. ಅದು ಕಮ್ಯೂನಿಸ್ಟರ ಮೇಲಿನ ಬಾಣವೆಂದು ಕೆಲವರು, ಕಮ್ಯೂನಿಸ್ಟರನ್ನು ಬೇಟೆಯಾಡಿದ ಮೆಕಾರ್ಥಿಯ ಮೇಲಿನ ಬಾಣವೆಂದು ಕೆಲವರು ಓದಿದರು. ಎರಡು ಓದಿಗೂ ಚಿತ್ರದಲ್ಲಿ ಆಧಾರವಿದೆ. ‘ನೆರೆಯವನು ನೆರೆಯವನಲ್ಲ’ ಎಂಬ ಕತೆಯ ಗುಣವೇ ಅಂಥದು. ಯಾರ ಕೈಗೆ ಸಿಕ್ಕರೆ ಅವರ ಆಯುಧ.

ಇದನ್ನೆಲ್ಲ ನಾನು ಪುಸ್ತಕದ ಮಾತಾಗಿಯೇ ಬರೆದು ಬಿಡುತ್ತಿದ್ದೆನೇನೋ. ಬ್ಯಾಂಕಿನ ದೃಶ್ಯ ಮುಗಿದಾಗ ಮೊಮ್ಮಗ ಒಂದು ಮಾತು ಹೇಳಿದ. “ಅಜ್ಜ, ನಮ್ಮ ಮುಂಬಯಿಗೂ ಇಂಥದೊಂದು ಕನ್ನಡಕ ಬೇಕು. ಎಲ್ಲೆಲ್ಲಿಂದಲೋ ಬಂದು ನಮ್ಮ ಕೆಲಸ ಕಿತ್ಕೊಳ್ತಾರಲ್ಲ, ಯಾರು ಯಾರು ಅಂತ ಗೊತ್ತಾಗ್ಬೇಕು.” ಕೆಟ್ಟ ಹುಡುಗನಲ್ಲ. ಇಲ್ಲೇ ಹುಟ್ಟಿದವನು, ಎರಡು ಕಡೆ ಕೆಲಸಕ್ಕೆ ಅರ್ಜಿ ಹಾಕಿ ಸಿಗದೆ ಬೇಸತ್ತಿದ್ದ. ಬಾಯಿಗೆ ಬಂದದ್ದನ್ನು ಆಡಿದ. ನಾನು ಚಿತ್ರವನ್ನು ನಿಲ್ಲಿಸೆಂದೆ.

ನಾನು ಮುಂಬಯಿಗೆ ಬಂದದ್ದು 1966ರಲ್ಲಿ, ಹದಿನೇಳನೆಯ ವಯಸ್ಸಿಗೆ. ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಪುಣೆಯಲ್ಲಿ ಗಾಡಿ ಬದಲಿಸಿ, ಒಂದು ತಗಡಿನ ಟ್ರಂಕಿನೊಡನೆ ಬೋರಿಬಂದರಿನಲ್ಲಿ ಇಳಿದೆ. ಹಗಲು ಉಡುಪಿಯವರೊಬ್ಬರ ಹೋಟೆಲಿನ ಗಲ್ಲಾದಲ್ಲಿ ಕೂಡುವುದು, ರಾತ್ರಿ ಕನ್ನಡದ ರಾತ್ರಿಶಾಲೆಗೆ ಹೋಗುವುದು. ದಕ್ಷಿಣದಿಂದ ಬಂದವರು ಇಲ್ಲಿಯವರ ಕೆಲಸಗಳನ್ನೆಲ್ಲ ನುಂಗಿದರೆಂಬ ಕೂಗು ಆ ವರ್ಷಗಳಲ್ಲಿ ಎದ್ದಿತು. ಯಾವ ಕಛೇರಿಯಲ್ಲಿ ದಕ್ಷಿಣದ ಹೆಸರಿನವರು ಎಷ್ಟು ಜನರೆಂದು ಪಟ್ಟಿಗಳು ಅಚ್ಚಾದವು. ತಮಿಳೋ ಕನ್ನಡವೋ ತುಳುವೋ ಮಲಯಾಳವೋ ಎಂದು ಯಾರೂ ಕೇಳಲಿಲ್ಲ. ಒಂದು ಸಂಜೆ ನಮ್ಮ ಹೋಟೆಲಿನ ಮುಂದಿನ ಗಾಜಿಗೆ ಕಲ್ಲು ಬಿತ್ತು. ಎಸೆದವರಲ್ಲಿ ಒಬ್ಬನನ್ನು ನಾನು ಬಲ್ಲೆ. ದಿನವೂ ಬಂದು ಒಂದು ಚಹವನ್ನು ಇಬ್ಬರು ಹಂಚಿಕೊಂಡು ಕುಡಿಯುತ್ತಿದ್ದ ಹುಡುಗ. ನನ್ನಷ್ಟೇ ವಯಸ್ಸು, ಅವನಿಗೂ ಕೆಲಸವಿರಲಿಲ್ಲ. ಹಿಂದಿನ ದಿನ ನನ್ನಿಂದ ಚಿಲ್ಲರೆ ತೆಗೆದುಕೊಂಡಿದ್ದ. ಅಂದು ನನ್ನನ್ನು ನೋಡಿದ ಅವನ ಕಣ್ಣಿಗೆ ನಾನು ಕಾಣಲಿಲ್ಲ, ಇನ್ನೇನೋ ಕಂಡಿತು. ಮಾಲೀಕರು ಮರುದಿನ ಬೋರ್ಡಿನ ಮೇಲಿದ್ದ ಊರಿನ ಹೆಸರನ್ನು ಸುಣ್ಣ ಬಳಿದು ಅಳಿಸಿದರು. ಮಗನಿಗೆ ಈ ಕತೆ ಹೇಳಿರಲಿಲ್ಲ, ಮೊಮ್ಮಗನಿಗೂ ಹೇಳಿರಲಿಲ್ಲ. ಊರು ಅನ್ನ ಕೊಟ್ಟಿದೆ. ಹಳೆಯದನ್ನು ಕೆದಕಿ ಆಗಬೇಕಾದ್ದೇನು ಎಂದು ಸುಮ್ಮನಿದ್ದೆ.

“ಅವತ್ತು ನಾವು ತಲೆಬುರುಡೆಯವರಾಗಿದ್ವಿ” ಎಂದೆ.

ಮೊಮ್ಮಗ ಬಹಳ ಹೊತ್ತು ಮಾತಾಡಲಿಲ್ಲ. ಹುಡುಗಿ ಮೆಲ್ಲಗೆ, “ಕಾಕಾ, ಕೊನೇತನಕ ನೋಡಿ. ಚಿತ್ರದಲ್ಲೇ ಇದಕ್ಕೊಂದು ಉತ್ತರ ಇದೆ” ಎಂದಳು. ಅವಳು ಹೇಳಿದ್ದು ನಿಜ.

ಕೊನೆಯ ಭಾಗದಲ್ಲಿ ಗೆಳೆಯರಿಬ್ಬರೂ ನೆಲದಡಿಯ ಒಂದು ದೊಡ್ಡ ಭೋಜನಕೂಟಕ್ಕೆ ಬಂದು ಬೀಳುತ್ತಾರೆ. ಅಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿರುವವರಲ್ಲಿ ನಮ್ಮಂಥ ಮನುಷ್ಯರೂ ಇದ್ದಾರೆ. 2025ನೆಯ ಇಸವಿಯ ಹೊತ್ತಿಗೆ ಭೂಮಿಯೆಲ್ಲ ಈ ಕೂಟದ ವಶವಾಗುವುದೆಂದೂ, ಸಹಕರಿಸಿದ ಮನುಷ್ಯರ ತಲಾ ಆದಾಯ ಆ ಒಂದೇ ವರ್ಷ 39 ಶೇಕಡಾ ಏರಿದೆಯೆಂದೂ ವೇದಿಕೆಯ ಮೇಲಿನಿಂದ ವರದಿ ಓದುತ್ತಾರೆ, ನಮ್ಮ ವಾರ್ಷಿಕ ಮಹಾಸಭೆಯಲ್ಲಿ ಓದುವ ಹಾಗೆಯೇ. ಇವರನ್ನು ಕಂಡು ಕೈ ಕುಲುಕಲು ಓಡಿ ಬರುವವನು ಯಾರು? ಗುಡಿಸಲ ಬೀಡಿನಲ್ಲಿ ಇವರೊಡನೆ ಕುಳಿತು ಟೀವಿ ನೋಡುತ್ತಿದ್ದ ಅದೇ ಭಿಕಾರಿ! ಈಗ ಕರಿಕೋಟು, ಕುತ್ತಿಗೆಗೆ ಬೋ. ಎಲ್ಲರೂ ದಿನಾಲೂ ತಮ್ಮನ್ನು ಮಾರಿಕೊಳ್ಳುವವರೇ, ಗೆಲ್ಲುವವರ ಕಡೆ ಇರುವುದು ಮೇಲಲ್ಲವೇ ಎಂಬುದು ಅವನ ವಾದ. ಫ್ರಾಂಕನನ್ನು ಕೊನೆಗೆ ಕೊಲ್ಲುವವಳೂ ಟೀವಿ ಕೇಂದ್ರದಲ್ಲಿ ಕೆಲಸಮಾಡುವ ಮನುಷ್ಯಳೇ. ಅವಳನ್ನಾಗಲಿ ಆ ಭಿಕಾರಿಯನ್ನಾಗಲಿ ಯಾವ ಕನ್ನಡಕದಲ್ಲಿ ನೋಡಿದರೂ ಕಾಣುವುದು ಮನುಷ್ಯನ ಮುಖ. ಅಲ್ಲಿಯತನಕ ಎಲ್ಲವನ್ನೂ ತೋರಿಸಿದ ಕನ್ನಡಕ ಇಲ್ಲಿ ಸೋಲುತ್ತದೆ. ನಿರ್ದೇಶಕ ಇದನ್ನು ಬೇಕೆಂದೇ ಮಾಡಿದನೋ, ಕತೆ ಓಡುವ ರಭಸದಲ್ಲಿ ಆಯಿತೋ, ನಾನರಿಯೆ. ಚಿತ್ರ ಮಾತ್ರ ಈ ಮಾತಿನ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಂದೂಕೆತ್ತಿಕೊಂಡು ಮಾಳಿಗೆಗೆ ಓಡುತ್ತದೆ. ಭಿಕಾರಿಗೆ ಕೊಟ್ಟ ಎರಡು ನಿಮಿಷವನ್ನು ಹತ್ತು ಮಾಡಿದ್ದರೆ ಇದು ದೊಡ್ಡ ಚಿತ್ರವಾಗುತ್ತಿತ್ತು. ಈಗ ಇದು ಒಳ್ಳೆಯ ಸಿಟ್ಟಿನಿಂದ ತೆಗೆದ, ಅರ್ಧ ಯೋಚಿಸಿದ ಚಿತ್ರ.

ನಾಯಕನಿಗೆ ಚಿತ್ರದಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಕೊನೆಯ ಪಟ್ಟಿಯಲ್ಲಷ್ಟೇ ‘ನಾಡಾ’ ಎಂದಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ‘ಏನೂ ಇಲ್ಲ’ ಎಂದಂತೆ. ನಮ್ಮ ಕಿವಿಗೆ ಅದು ನಾಡಿನವನೆಂದು ಕೇಳಿಸುವುದು ಆಕಸ್ಮಿಕ. ನನ್ನಾಕೆಗಂತೂ ಅದು ಬಹಳ ಇಷ್ಟವಾಯಿತು.

ಸಮಿತಿಗೆ ನಾನು ಕೊಟ್ಟ ವರದಿ ಅರ್ಧ ಪುಟದ್ದು. ಚಿತ್ರದಲ್ಲಿ ರಾಜಕೀಯವಿದೆ; ರಕ್ತಪಾತವಿದೆ, ಬೈಗುಳವಿದೆ, ಕೊನೆಯ ದೃಶ್ಯದಲ್ಲಿ ಕ್ಷಣಕಾಲ ನಗ್ನತೆಯಿದೆ, ಆದ್ದರಿಂದ ಹದಿನೆಂಟು ತುಂಬದವರಿಗೆ ಪ್ರವೇಶ ಬೇಡ; ಉಳಿದವರಿಗೆ ಅವಶ್ಯ ತೋರಿಸತಕ್ಕದ್ದು; ಚಿತ್ರ ಮುಗಿದೊಡನೆ ಯಾರನ್ನೂ ಚಹಕ್ಕೆ ಬಿಡದೆ ದೀಪ ಹಾಕಿ ಅರ್ಧ ಗಂಟೆಯ ಬದಲು ಒಂದು ಗಂಟೆ ಮಾತಾಡತಕ್ಕದ್ದು ಎಂದು ಬರೆದೆ. ಖಜಾಂಚಿಗಳು ಓದಿ ಕನ್ನಡಕವನ್ನು ಹಣೆಗೇರಿಸಿದರು.

“ರಾಜಕೀಯ ಐತಿ ಅಂತನೂ ಬರದೀರಿ, ತೋರಸ್ರಿ ಅಂತನೂ ಬರದೀರಿ. ಎರಡರಾಗ ಒಂದ ಹೇಳ್ರಿ.”

“ನಿಯಮದಲ್ಲಿರುವುದು ಪ್ರಚಾರ ಬೇಡವೆಂದು. ಎದುರು ಮಾತಾಡಲು ಒಂದು ಗಂಟೆ ಇಟ್ಟರೆ ಅದು ಪ್ರಚಾರ ಹೇಗಾದೀತು?” ಎಂದೆ. ಅವರು ಪೂರ್ತಿ ಒಪ್ಪಲಿಲ್ಲ. ಕೈಯೆತ್ತಿಸಿ ಎಣಿಸಿದಾಗ ಏಳು ಜನ ಪರ, ನಾಲ್ಕು ಜನ ವಿರೋಧ. ವಿರೋಧಿಸಿದ ಖಜಾಂಚಿಗಳೇ ಆಮೇಲೆ ಆ ಸಂಜೆಯ ಚಹ ಮತ್ತು ಚೂಡಾದ ಲೆಕ್ಕ ಬರೆದುಕೊಂಡರು. ಮೊದಲ ಪ್ರಶ್ನೆ ತಮ್ಮದೇ ಆಗಿರಬೇಕೆಂದು ಹುಡುಗಿಯಿಂದ ಮಾತು ತೆಗೆದುಕೊಂಡರು. ಅವಳು ನಗುತ್ತ ಒಪ್ಪಿದಳು.

ಪ್ರದರ್ಶನ ಬರುವ ಎರಡನೆಯ ಭಾನುವಾರ ಸಂಜೆ 5 ಗಂಟೆಗೆ. ಚಿತ್ರದ ಅವಧಿ 94 ನಿಮಿಷ. ಹೋಟೆಲಿನ ಗಾಜಿನ ಕತೆಯನ್ನು ನಾನೇ ಅಲ್ಲಿ ಹೇಳಬೇಕೆಂದು ಮೊಮ್ಮಗ ಹಟ ಹಿಡಿದಿದ್ದಾನೆ. ನಾನಿನ್ನೂ ಹ್ಞೂಂ ಎಂದಿಲ್ಲ. ಆ ವರ್ಷಗಳಲ್ಲಿ ಇಲ್ಲಿ ಹೋಟೆಲು, ಕಛೇರಿ, ರಾತ್ರಿಶಾಲೆಗಳಲ್ಲಿದ್ದ ಹಿರಿಯ ವಾಚಕರು ಯಾರಾದರೂ ಬಂದು ಮೊದಲು ಮಾತಾಡಿದರೆ ನನಗೆ ಹಗುರವಾದೀತು. ಬರಲಾಗದವರು ನಾಲ್ಕು ಸಾಲು ಬರೆದು ಪಡಸಾಲೆಗೆ ಕಳಿಸಲಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿಸುತ್ತೇನೆ.